ಡಿಸ್ಟ್ರಿಬ್ಯೂಟರ್ ಒಳಗಿನ ಪಿಕಪ್ ಕಾಯಿಲ್ ಬದಲಿಸುವವರಿಗೆ

ಕಾರ್ಬುರೇಟರ್ ಕಾರು ತಣ್ಣಗಿರುವಾಗ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸ್ಪಾರ್ಕ್ ನಿಂತರೆ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಒಳಗಿನ ಪಿಕಪ್ ಕಾಯಿಲ್, ಅಂದರೆ ಸ್ಪಾರ್ಕ್ ಯಾವಾಗ ಎಂದು ಸಂಕೇತ ಕೊಡುವ ಸುರುಳಿಯ ಮೇಲೆ ಸಂಶಯಪಡಬಹುದು. ಆದರೆ ಕಾಸರಗೋಡಿನ ಮಳೆಗಾಲದಲ್ಲಿ ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ನೋಡಿ. ಒಳಗೆ ತೇವ, ಕಪ್ಪು ಗೆರೆ ಇದ್ದರೆ ತಪ್ಪು ಅಲ್ಲೇ ಇರಬಹುದು.

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಒಂದನೇ ಸಿಲಿಂಡರನ್ನು ಕಂಪ್ರೆಷನ್ ಟಿಡಿಸಿಗೆ (ಗಾಳಿ ಒತ್ತುವ ಹಂತದಲ್ಲಿ ಪಿಸ್ಟನ್ ತುತ್ತತುದಿಗೆ ಬರುವ ಜಾಗ) ತನ್ನಿ. ರೋಟರ್ (ಕ್ಯಾಪ್ ಒಳಗೆ ತಿರುಗುವ ತುಂಡು) ತುದಿ ಎಲ್ಲಿಗೆ ನೋಡುತ್ತದೋ ಅಲ್ಲಿ ಡಿಸ್ಟ್ರಿಬ್ಯೂಟರ್ ಬಾಡಿಯ ಮೇಲೆ ಗುರುತು ಹಾಕಿ, ಬಾಡಿ ಮತ್ತು ಎಂಜಿನ್ ಸೇರುವಲ್ಲೂ ಇನ್ನೊಂದು. ಡಿಸ್ಟ್ರಿಬ್ಯೂಟರ್ ಹೊರಗಿರುವಾಗ ಎಂಜಿನ್ ತಿರುಗಿಸಲೇಬೇಡಿ.

ಕೆಲವದರಲ್ಲಿ ಪಿಕಪ್ ಮೇಲಿನಿಂದಲೇ ಬರುತ್ತದೆ. ಶಾಫ್ಟ್ ಎಳೆಯಲೇಬೇಕಾದರೆ ಕೆಳಗಿನ ಗೇರ್ ಅಥವಾ ಕಪ್ಲಿಂಗ್‌ನ ಪಿನ್ ಹೊಡೆದು ತೆಗೆಯಬೇಕು. ಅದಕ್ಕೂ ಮೊದಲು ಗೇರ್‌ಗೂ ಶಾಫ್ಟ್‌ಗೂ ಗುರುತು ಹಾಕಿ. ತಿರುವುಮುರುವಾಗಿ ಕೂರಿಸಿದರೆ ರೋಟರ್ ಅರ್ಧ ಸುತ್ತು ತಪ್ಪಿ, ಗಾಡಿ ಸ್ಟಾರ್ಟೇ ಆಗದು. ಪಂಚ್ ಪಿನ್ನಿಗಿಂತ ತುಸು ಸಣ್ಣದಿರಲಿ. ಗೇರ್ ಅಡಿಗೆ ಮರದ ತುಂಡು ಕೊಡದೆ ಹೊಡೆದರೆ ಶಾಫ್ಟ್ ಬಾಗಬಹುದು. ಶಿಮ್‌ಗಳನ್ನು (ತೆಳು ವಾಷರ್‌ಗಳು) ಬಂದ ಕ್ರಮದಲ್ಲೇ ಜೋಡಿಸಿಡಿ.

ಎಂಜಿನ್ ವ್ಯಾಕ್ಯೂಮ್ ಎಳೆತಕ್ಕೆ ಪಿಕಪ್ ಕೂತ ಪ್ಲೇಟ್ ಆಡುವಾಗ ಪಿಕಪ್ ವಯರ್ ಬಗ್ಗಿ ಬಗ್ಗಿ ಒಳಗೇ ತುಂಡಾಗುತ್ತದೆ. ಹೊಸದನ್ನು ಹಾಕುವಾಗ ವಯರ್ ಸ್ವಲ್ಪ ಸಡಿಲವಿರಲಿ. ಹಳೆಯ ಮಾರುತಿಗಳಲ್ಲಿ ಪಿಕಪ್‌ಗೂ ಸಿಗ್ನಲ್ ರೋಟರ್‌ಗೂ (ಶಾಫ್ಟ್ ಮೇಲಿನ ಹಲ್ಲಿನ ಚಕ್ರ, ಕ್ಯಾಪ್ ಒಳಗಿನ ರೋಟರ್ ಅಲ್ಲ) ಇರುವ ಗ್ಯಾಪ್ ಸಾಮಾನ್ಯವಾಗಿ 0.2ರಿಂದ 0.4 ಮಿ.ಮೀ. ಹಿತ್ತಾಳೆಯ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಬಳಸಿ. ಉಕ್ಕಿನದನ್ನು ಅಯಸ್ಕಾಂತ ಎಳೆದು ಅಳತೆ ತಪ್ಪುತ್ತದೆ.

ಒಳಗೆ ಎಣ್ಣೆ ಕಂಡರೆ ಶಾಫ್ಟ್ ಸೀಲ್ ಬದಲಿಸಿ, ಇಲ್ಲದಿದ್ದರೆ ಹೊಸ ಪಿಕಪ್ ಕೂಡ ಎಣ್ಣೆಯಲ್ಲೇ ಮುಳುಗುತ್ತದೆ. ಹೊರಗಿನ ಓ-ರಿಂಗ್, ಪಿನ್ ಎರಡೂ ಹೊಸವೇ ಬೇಕು. ಕೊನೆಗೆ ಟೈಮಿಂಗ್ ಲೈಟ್ (ಸ್ಪಾರ್ಕ್ ಸಮಯ ತೋರಿಸುವ ಮಿನುಗು ದೀಪ) ಹಿಡಿದೇ ಡಿಸ್ಟ್ರಿಬ್ಯೂಟರ್ ಬೋಲ್ಟ್ ಬಿಗಿಮಾಡಿ.