ಲಾರಿ ಏರದ ಒರಳುಕಲ್ಲು

ಸಾಗರ, ಹೊಸನಗರದ ಕಡೆ ‘ಮುಳುಗಡೆ’ ಎಂಬ ಪದವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 1964ರಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ನೀರು ಹಿಂದಕ್ಕೆ ಹರಡಿದಾಗ ಊರು ಬಿಟ್ಟ ಹರೆಯದವರು ಈಗ ಎಂಬತ್ತರ ಆಚೀಚೆ ಇದ್ದಾರೆ. ಆರು ವರ್ಷಗಳಿಂದ, ಬಿಡುವಾದಾಗಲೆಲ್ಲ, ಅವರ ಮನೆಗಳಿಗೆ ಹೋಗಿ ಮಾತುಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದೇನೆ. ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ.

ಮೊದಲ ವರ್ಷವೆಲ್ಲ ದಂಡವಾಯಿತು. “ಊರು ಮುಳುಗಿದಾಗ ಏನನ್ನಿಸಿತು?” ಎಂದು ಕೇಳುತ್ತಿದ್ದೆ. “ಏನನ್ನಿಸುವುದು, ಎಲ್ಲ ಹೋಯಿತು” ಎನ್ನುತ್ತಿದ್ದರು. ನಾಡಿಗೆ ಬೆಳಕು ಕೊಟ್ಟು ತಾವು ಚಿಮಣಿ ಬುಡ್ಡಿಯಲ್ಲಿ ಉಳಿದೆವು ಎಂಬ ಮಾತು ಸಭೆಗಳಲ್ಲಿ ಕೇಳಿ ಕೇಳಿ ಅವರಿಗೂ ಬಾಯಿಪಾಠವಾಗಿತ್ತು. ಅದೇನು ಸುಳ್ಳಲ್ಲ, ಭೂಮಿಯ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುವ ಕುಟುಂಬಗಳಿವೆ. ಆದರೆ ಹತ್ತು ಮನೆಯಲ್ಲಿ ಅದೇ ಮಾತು ಕೇಳಿದ ಮೇಲೆ ಯಾವುದು ಯಾರದೆಂದು ನನಗೇ ಗುರುತು ಹತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದ ಅಜ್ಜಿಯೊಬ್ಬರಿಗೆ, ಕೇಳಲು ಬೇರೇನೂ ತೋಚದೆ, “ಲಾರಿಗೆ ಮೊದಲು ಏನನ್ನು ಏರಿಸಿದಿರಿ?” ಎಂದೆ. ಕೈ ನಿಂತಿತು. “ಬಾಗಿಲು. ದಾರಂದದ ಸಮೇತ” ಎಂದರು. ಆಮೇಲೆ ತೊಲೆಗಳು, ಹಂಚು, ಬಚ್ಚಲ ಹಂಡೆ, ಗೋಣಿಯಲ್ಲಿ ಸುತ್ತಿದ ಎರಡು ಬಾಳೆಕಂದು. “ಒರಳು ಮಾತ್ರ ಬರಲಿಲ್ಲ, ತಮ್ಮಾ. ನೆಲದಲ್ಲಿ ಹುಗಿದಿದ್ದರು. ಕಲ್ಲು ಎಲ್ಲಿಯೂ ಸಿಗುತ್ತದೆ ಎಂದು ಅತ್ತೆ ಹೇಳಿದರು. ಸಿಕ್ಕಿತು. ಆದರೆ ವರ್ಷಗಟ್ಟಲೆ ಚಟ್ನಿಯಲ್ಲಿ ಮರಳು ಸಿಗುತ್ತಿತ್ತು. ಹಳೆಯ ಒರಳಿನ ಗುಳಿ ಅತ್ತೆಯ ಅತ್ತೆ ತಿರುವಿ ತಿರುವಿ ನುಣ್ಣಗಾಗಿದ್ದು.”

ಅಂದಿನಿಂದ ನನ್ನ ಪ್ರಶ್ನೆಗಳೆಲ್ಲ ಸಾಮಾನಿನ ಮೇಲೆಯೇ. ಏನನ್ನು ತಂದಿರಿ, ಏನನ್ನು ಬಿಟ್ಟಿರಿ, ದನ ಎಲ್ಲಿ ಕಟ್ಟಿದಿರಿ, ಹೊಸ ಜಾಗದಲ್ಲಿ ಮೊದಲ ರಾತ್ರಿ ಏನು ಬೇಯಿಸಿದಿರಿ. ಕೇಳಿ ಸುಮ್ಮನಿರುತ್ತೇನೆ. ಸುಮ್ಮನಿರುವುದನ್ನು ಕಲಿಯುವುದೇ ಕಷ್ಟವಾಯಿತು. ಹಳೆಯ ಧ್ವನಿಮುದ್ರಿಕೆಗಳಲ್ಲಿ ಅವರ ಮಾತಿಗಿಂತ ನನ್ನ “ಹೌದಾ, ಹೌದಾ” ಜಾಸ್ತಿ.

ಇನ್ನೊಂದು ಎಡವಟ್ಟನ್ನೂ ಮಾಡಿದೆ. ಆ ಅಜ್ಜಿಯ ಮಾತನ್ನು ಬರೆದುಕೊಂಡು ಅಲ್ಲಲ್ಲಿ ಕಣ್ಣೀರು ಬೆರೆಸಿ ಓದಿ ಹೇಳಿದೆ. ಪೂರ್ತಿ ಕೇಳಿ, “ಚೆನ್ನಾಗಿದೆ. ಯಾರ ಕತೆ ಇದು?” ಎಂದರು. ಹೊಸ ಊರಿಗೆ ಬಂದ ಮೇಲೆ ಬಸ್ ಹತ್ತಿ ಒಂದೇ ದಿನದಲ್ಲಿ ತವರಿಗೆ ಹೋಗಿ ಬಂದ ಖುಷಿಯನ್ನು ಅವರು ಎರಡು ಸಲ ಹೇಳಿದ್ದರು. ನಾನು ಎರಡು ಸಲವೂ ಬಿಟ್ಟಿದ್ದೆ. ಮುಳುಗಡೆಯವರಿಗೆ ಖುಷಿ ಇರಬಾರದೆಂದು ತೀರ್ಮಾನಿಸಿದವನು ನಾನೇ. ಈಗ ಬರೆದದ್ದನ್ನು ಅವರೆದುರು ಓದದೆ ಯಾರಿಗೂ ತೋರಿಸುವುದಿಲ್ಲ. ಓದುವಾಗ ತಿದ್ದುತ್ತಾರೆ. ತಿದ್ದುವಾಗ ಮೊದಲು ಹೇಳದ್ದೂ ಬರುತ್ತದೆ.

ಲಿಂಗನಮಕ್ಕಿ ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಬರೆಯುವ ಲೆಕ್ಕ ಅದು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅಂಚಿನಲ್ಲಿ ಹಳೆಯ ಮನೆಗಳ ಅಡಿಪಾಯ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಕಳೆದ ಸಲ ಆ ಕಡೆ ಹೊರಟಿದ್ದೇನೆಂದು ತಿಳಿದು ಅಜ್ಜಿ ನನ್ನನ್ನು ತಮ್ಮ ಈಗಿನ ಅಡುಗೆಮನೆಗೆ ಕರೆದರು. ಮಿಕ್ಸಿ ಇಟ್ಟಿದ್ದ ಕಟ್ಟೆಯ ಪಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದು, ಬಲಕ್ಕೆ ತಿರುಗಿ ಕಾಲಿನಿಂದ ನೆಲ ತಟ್ಟಿದರು.

“ಇಲ್ಲಿರುತ್ತದೆ, ನೋಡು. ಕೆಸರು ತುಂಬಿದ್ದರೆ ಕೈ ಹಾಕಿ ತೆಗೆ.”