ಡೊಂಬಿವಲಿಯ ಅಡುಗೆಮನೆಯಿಂದ ಅಂಗಡಿಯ ಕಪಾಟಿಗೆ

ಮುಂಬೈ ಕನ್ನಡಿಗರಿಗೆ ಊಟ ತಿಂಡಿಯ ವ್ಯಾಪಾರ ಹೊಸದಲ್ಲ, ಮಾಟುಂಗಾದಲ್ಲಿ ಎ. ರಾಮ ನಾಯಕ್ ಅವರು ಉಡುಪಿ ಖಾನಾವಳಿ ತೆರೆದದ್ದು 1942ರಲ್ಲಿ. ಆದರೂ ಡೊಂಬಿವಲಿಯ ಫ್ಲ್ಯಾಟಿನಲ್ಲಿ ಶೇಂಗಾ ಚಟ್ನಿಪುಡಿ ಮಾಡಿ ಮಾರಲು ಹೊರಡುವವರಲ್ಲಿ ಹೆಚ್ಚಿನವರು ಮೊದಲು ಲೇಬಲ್ ಅಚ್ಚು ಹಾಕಿಸುತ್ತಾರೆ, ಲೆಕ್ಕವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಮಾಡಬೇಕಾದದ್ದು ಇದಕ್ಕೆ ತಿರುವುಮುರುವು.

ಮೊದಲು ತಕ್ಕಡಿ ಹಿಡಿಯಿರಿ. ಎರಡು ಕಿಲೋ ಶೇಂಗಾ ಹುರಿದು ಸಿಪ್ಪೆ ಹಾರಿಸಿದ ಮೇಲೆ ಎರಡು ಕಿಲೋ ಉಳಿಯುವುದಿಲ್ಲ. ಆದ್ದರಿಂದ ಕೊಂಡ ತೂಕಕ್ಕಲ್ಲ, ಡಬ್ಬಿಗೆ ಬಿದ್ದ ತೂಕಕ್ಕೆ ಖರ್ಚನ್ನು ಹಂಚಬೇಕು. ಗ್ಯಾಸು, ಪ್ಯಾಕೆಟ್ಟು, ಲೋಕಲ್ ಟಿಕೆಟ್ಟು ಹಾಗೂ ನಿಮ್ಮ ಕೂಲಿ, ಎಲ್ಲವೂ ಅದರಲ್ಲಿ ಸೇರಬೇಕು. ಉದಾಹರಣೆಗೆ, ಪ್ಯಾಕೆಟ್ಟಿನ ಬೆಲೆ 120 ರೂಪಾಯಿ ಎಂದಿಟ್ಟು ಅಂಗಡಿಯವರು ಶೇಕಡಾ 20 ಕಮಿಷನ್ ಹಿಡಿದರೆ ನಿಮ್ಮ ಕೈಗೆ ಬರುವುದು 96. ಖರ್ಚು 80 ಆಗಿದ್ದರೆ ಉಳಿಯುವುದು ಹದಿನಾರೇ ರೂಪಾಯಿ. ಕೂಲಿ ಬರೆಯದೆ ಬಿಟ್ಟವರಿಗೆ ಈ ಹದಿನಾರು ಮೂವತ್ತಾಗಿ ಕಾಣುತ್ತದೆ.

ಅನಂತರ ಇಪ್ಪತ್ತು ಪ್ಯಾಕೆಟ್ಟುಗಳನ್ನು ಪರಿಚಯವಿಲ್ಲದವರಿಗೆ ಮಾರಿ, ಎಷ್ಟು ಜನ ಎರಡನೆಯ ಸಲ ಕೇಳಿಕೊಂಡು ಬರುತ್ತಾರೆಂದು ಗುರುತು ಹಾಕಿಕೊಳ್ಳಿ. ನೆಂಟರ ಹೊಗಳಿಕೆಯನ್ನು ಜಮೆಗೆ ಹಿಡಿಯಬೇಡಿ.

ಆದರೆ ಇಪ್ಪತ್ತೇ ಪ್ಯಾಕೆಟ್ಟಾದರೂ ಮಾರುವ ಮುನ್ನ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನೋಂದಣಿ ಆಗಿರಲೇಬೇಕು. ಅದರ 14 ಅಂಕಿಗಳ ಸಂಖ್ಯೆಯನ್ನು ಪ್ಯಾಕೆಟ್ಟಿನ ಮೇಲೆ ಮುದ್ರಿಸಬೇಕು. ಸಣ್ಣ ಉದ್ದಿಮೆಗಳಿಗಾಗಿ ಇರುವ ಉದ್ಯಮ್ ನೋಂದಣಿಗೆ ಸರ್ಕಾರ ಶುಲ್ಕ ಪಡೆಯುವುದಿಲ್ಲ, ಏಜೆಂಟರಿಗೆ ಹಣ ಕೊಡುವ ಅಗತ್ಯವಿಲ್ಲ. ಜಿಎಸ್‌ಟಿ ವಿಷಯದಲ್ಲಿ ಮಾತ್ರ ನಮ್ಮವರು ಎಡವುವ ಸಾಧ್ಯತೆ ಹೆಚ್ಚು: ಮಹಾರಾಷ್ಟ್ರದೊಳಗೆ ಸರಕು ಮಾತ್ರ ಮಾರುವವರಿಗೆ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲವಾದರೂ, ಹುಬ್ಬಳ್ಳಿಯ ಗಿರಾಕಿಗೆ ಕೊರಿಯರ್ ಮಾಡಿದರೆ ಅದು ಅಂತರರಾಜ್ಯ ಮಾರಾಟವಾಗಿ ಈ ವಿನಾಯಿತಿ ತಪ್ಪುತ್ತದೆ.

ಸಾಲದ ಮಾತು ಇಷ್ಟೆಲ್ಲ ಆದ ಮೇಲೆ. ಕೇಂದ್ರ ಸರ್ಕಾರದ ಸಣ್ಣ ಸಾಲದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ. ದೊಡ್ಡ ಮಿಕ್ಸರ್, ಸೀಲಿಂಗ್ ಯಂತ್ರಗಳಿಗೆ ಅದೇ ಸಾಕಾಗಬಹುದು.

ಪ್ಯಾಕೆಟ್ಟಿನ ಮೇಲೆ ಬಾಳಿಕೆಯ ಅವಧಿಯನ್ನು ಊಹೆಯಿಂದ ಬರೆಯಬೇಡಿ. ಮುಂಬೈಯ ಜುಲೈ ತಿಂಗಳ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ, ಶೇಂಗಾದ ಎಣ್ಣೆ ಕಮಟು ಹಿಡಿಯುತ್ತದೆ. ಆಹಾರ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದರ ಜೊತೆಗೆ, ಸೀಲು ಮಾಡಿದ ನಾಲ್ಕು ಪ್ಯಾಕೆಟ್ಟುಗಳನ್ನು ಮಳೆಗಾಲದಲ್ಲಿ ಅಡುಗೆಮನೆಯ ಕಿಟಕಿಯ ಬಳಿ ಇಟ್ಟು, ವಾರಕ್ಕೊಂದರಂತೆ ಒಡೆದು ಮೂಸಿ ನೋಡಿ.