ಕುಡಿತ ಬಿಡಿಸುವ ಚಿಕಿತ್ಸೆಗೆ ವಿಮೆ ಕೇಳುವುದು ಹೇಗೆ?

"ಕುಡಿತಕ್ಕೆಲ್ಲ ವಿಮೆ ಬರಲ್ಲ." ಆಸ್ಪತ್ರೆಯ ವಿಮೆ ಕೌಂಟರ್‌ನಲ್ಲಿ ಈ ಮಾತು ಕೇಳಿದ ಮನೆಯವರು ತಲೆ ತಗ್ಗಿಸಿಕೊಂಡು ವಾಪಸ್ ಬರುತ್ತಾರೆ. ಮೊದಲೇ ನಾಚಿಕೆ, ಜೊತೆಗೆ ಇದೊಂದು. ಬರೀ ಬಾಯಿಮಾತಿಗೆ ಹಾಗೆ ವಾಪಸ್ ಬರಬೇಡಿ. ಕಾನೂನಿನಲ್ಲಿ ನಿಮ್ಮ ಪರವಾಗಿ ಎರಡು ಮಾತುಗಳಿವೆ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದ್ದು. 2018ರ ಮೇ 29ರಿಂದ ಜಾರಿಯಲ್ಲಿದೆ. ಮೈಗೆ ಬರುವ ಕಾಯಿಲೆಗೆ ಹೇಗೆ ವಿಮೆ ಕೊಡುತ್ತಾರೋ ಮನಸ್ಸಿನ ಕಾಯಿಲೆಗೂ ಹಾಗೆಯೇ ಕೊಡಬೇಕು ಎನ್ನುತ್ತದೆ ಅದರ 21(4)ನೇ ಸೆಕ್ಷನ್. ಮಾನಸಿಕ ಕಾಯಿಲೆ ಎಂದರೇನು ಎಂದು ಹೇಳುವ 2ನೇ ಸೆಕ್ಷನ್ ಮದ್ಯ ಮತ್ತು ಮಾದಕ ವಸ್ತುಗಳ ಚಟದಿಂದ ಬರುವ ಮಾನಸಿಕ ತೊಂದರೆಗಳನ್ನೂ ಅದರೊಳಗೆ ಸೇರಿಸಿದೆ. ಎರಡನ್ನೂ ಕೂಡಿಸಿ ಓದಿ. ಚಟದ ಚಿಕಿತ್ಸೆಗೂ ಸಮಾನ ವಿಮೆ ಸಿಗಬೇಕು, ಅಲ್ವಾ?

ತೊಡಕು ಇರುವುದು ಪಾಲಿಸಿಯಲ್ಲಿ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲಿ ಮಾರ್ಗಸೂಚಿ ಹೊರಡಿಸಿ, ಮಾನಸಿಕ ಕಾಯಿಲೆಯನ್ನು ವಿಮೆಯಿಂದ ಹೊರಗಿಡುವಂತಿಲ್ಲ ಎಂದಿತು. ಆದರೆ ಕಂಪನಿಗಳು ಹಾಕಿಕೊಳ್ಳಬಹುದಾದ ಷರತ್ತುಗಳನ್ನೂ ಅದೇ ಮಾರ್ಗಸೂಚಿ ಪಟ್ಟಿ ಮಾಡಿತು. ಅದರಲ್ಲಿ 12ನೇ ಕೋಡ್ (Excl12) ಕುಡಿತ, ಡ್ರಗ್ಸ್, ಯಾವುದೇ ಚಟದ ಚಿಕಿತ್ಸೆಯನ್ನು, ಅದರಿಂದಾಗುವ ತೊಂದರೆಗಳನ್ನೂ ಹೊರಗಿಡುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ. ಸಂಸತ್ತು ಮಾಡಿದ ಕಾಯ್ದೆಗಿಂತ ಪಾಲಿಸಿಯ ಷರತ್ತು ದೊಡ್ಡದಾಗಬಾರದು.

ಹಾಗಾಗಿ ಮೊದಲು ಪಾಲಿಸಿ ಪುಸ್ತಕ ತೆಗೆದು 12ನೇ ಕೋಡ್ ಇದೆಯೇ ನೋಡಿ. ಇಲ್ಲದಿದ್ದರೆ ಬೇರೆ ಕಾಯಿಲೆಗೆ ಮಾಡುವ ಹಾಗೇ ಕ್ಲೇಮು ಹಾಕಿ. ಇದ್ದರೆ ಕ್ಲೇಮು ತಿರಸ್ಕಾರವಾಗಬಹುದು, ಆಗ ಏನು ಮಾಡುವುದೆಂದು ಕೆಳಗೆ ಹೇಳಿದ್ದೇನೆ. 5ನೇ ಕೋಡನ್ನೂ ಓದಿ. ಅದು ಪುನರ್ವಸತಿ, ವಿಶ್ರಾಂತಿಯ ಖರ್ಚನ್ನು ಹೊರಗಿಡುತ್ತದೆ. ಆಫೀಸಿನ ಗ್ರೂಪ್ ಪಾಲಿಸಿಯಾದರೆ ಎಚ್‌ಆರ್ ಹತ್ತಿರ ಕೇಳಿ, ಷರತ್ತು ಬೇರೆ ಇರಬಹುದು.

ಆಮೇಲೆ ಜಾಗ. ತಿಂಗಳುಗಟ್ಟಲೆ ಇಟ್ಟುಕೊಳ್ಳುವ ವ್ಯಸನಮುಕ್ತಿ ಕೇಂದ್ರ ಬೇರೆ, ಆಸ್ಪತ್ರೆ ಬೇರೆ. ವಿಮೆಯವರು ನೋಂದಾಯಿತ ಆಸ್ಪತ್ರೆಯನ್ನೇ ಕೇಳುತ್ತಾರೆ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಯಾದರೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇದೆಯೇ ಎಂದು ಸೇರಿಸುವ ಮೊದಲೇ ವಿಚಾರಿಸಿ.

ಕಾಗದಪತ್ರದಲ್ಲಿ ಜಾಸ್ತಿ ಗಮನ ಇರಲಿ. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ಬಿಟ್ಟರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು. ಕೆಲವೊಮ್ಮೆ ಪ್ರಾಣಕ್ಕೇ ಅಪಾಯ. ಅಡ್ಮಿಟ್ ಮಾಡಿದ್ದು ಯಾಕೆ ಎಂಬುದನ್ನು ವೈದ್ಯರು ಡಿಸ್ಚಾರ್ಜ್ ಸಮರಿಯಲ್ಲಿ ಬಿಡಿಸಿ ಬರೆಯಲಿ. ಖಿನ್ನತೆಯೂ ಇದ್ದರೆ ಅದನ್ನು ಬೇರೆಯಾಗಿ ದಾಖಲಿಸಲಿ. ಆದರೆ ಕುಡಿತ ಮುಚ್ಚಿಟ್ಟು ಬೇರೆ ಕಾಯಿಲೆಯ ಹೆಸರು ಬರೆಸಬೇಡಿ. ಗೊತ್ತಾದರೆ ಪಾಲಿಸಿಯೇ ಕೈಬಿಟ್ಟು ಹೋಗಬಹುದು. ರೋಗಿಗೆ ಸರಿಯಾದ ಔಷಧಿಯೂ ಸಿಗದು.

ಕ್ಲೇಮು ತಿರಸ್ಕಾರವಾಯಿತೇ? ಕಾರಣ ಮತ್ತು ಷರತ್ತಿನ ಕೋಡ್ ಬರಹದಲ್ಲಿ ಕೇಳಿ. ಕಂಪನಿಯ ದೂರು ಅಧಿಕಾರಿಗೆ ಪತ್ರ ಬರೆಯಿರಿ, ಮೇಲಿನ ಎರಡೂ ಸೆಕ್ಷನ್ ಹೆಸರಿಸಿ. 2021ರಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ತೀರ್ಪನ್ನೂ ಸೇರಿಸಿ. ಕಾಯ್ದೆ ಜಾರಿಯಾದ ದಿನದಿಂದಲೇ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೆ ಸಮಾನ ವಿಮೆ ಕೊಡಬೇಕಿತ್ತು ಎಂದು ಅದು ಹೇಳಿತು. ಅದು ಚಟದ ಪ್ರಕರಣವಲ್ಲ ನಿಜ, ಆದರೂ ನಿಮ್ಮ ವಾದಕ್ಕೆ ಬಲ ಕೊಡುತ್ತದೆ. ತಿಂಗಳೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ, ಅಂದರೆ ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿಗೆ, ದೂರು ಕೊಡಿ. ಬೆಂಗಳೂರಿನಲ್ಲಿ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಡ. ಗೆದ್ದೇ ಗೆಲ್ಲುತ್ತೀರಿ ಎಂದು ನಾನು ಭರವಸೆ ಕೊಡಲಾರೆ. 12ನೇ ಕೋಡ್ ಇನ್ನೂ ಪಾಲಿಸಿಗಳಲ್ಲಿ ಇದೆ.

ಅದಕ್ಕೇ, ವಿಮೆಯ ಜಗಳ ಮುಗಿಯಲಿ ಎಂದು ಚಿಕಿತ್ಸೆಯನ್ನು ಮುಂದಕ್ಕೆ ಹಾಕಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟದ ಚಿಕಿತ್ಸೆಗೆಂದೇ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಆಯುಷ್ಮಾನ್ ಕಾರ್ಡ್ ಇದ್ದರೆ ಅಲ್ಲೇ ತೋರಿಸಿ ಕೇಳಿ. ಎಲ್ಲಿಗೆ ಹೋಗುವುದು ಎಂದೇ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಮಧ್ಯರಾತ್ರಿಯಾದರೂ ಸರಿ, ಕನ್ನಡದಲ್ಲೇ ಮಾತಾಡುತ್ತಾರೆ, ಕರೆಗೆ ದುಡ್ಡಿಲ್ಲ.